ಉಪಾಸದಮ್ಮ

ನ್ಯಾಮತಿ
೧೦-೧೧-೧೯೮೧, ಮಂಗಳವಾರ

ಪ್ರೀತಿಯ ತಮ್ಮ ಪಂಚಾಕ್ಷರನಿಗೆ ಅಕ್ಕ ಸಿದ್ದಲಿಂಗಮ್ಮನ ಆಶೀರ್ವಾದಗಳು.

ಹೇಗಿದ್ದೀಯ? ಹಬ್ಬಕ್ಕೆ ಬಂದಾಗ ಕೆಮ್ಮುತ್ತಿದ್ದೆ, ಈಗ ಕಡಿಮೆಯಾಗಿದೆಯೇ? ಅವ್ವ ಕಟ್ಟಿಕೊಟ್ಟ ಕಷಾಯದ ಪುಡಿಯನ್ನು ಗೆಳೆಯರ ಮುಂದೆ ತೆಗೆಯಲು ನಾಚಿ ಟ್ರಂಕಿನ ತಳದಲ್ಲಿ ಬಚ್ಚಿಟ್ಟಿರುತ್ತೀಯ, ನನಗೆ ಗೊತ್ತು. ನಾಳೆ ಡಾಕ್ಟರಾಗುವವನು ಜೀರಿಗೆ ಮೆಣಸಿನ ನೀರು ಕುಡಿದರೆ ಹುಬ್ಬಳ್ಳಿಯಲ್ಲಿ ಮರ್ಯಾದೆ ಉಳಿಯುತ್ತದೆಯೇ? ಆದರೂ ಕುಡಿ. ಇಲ್ಲಿ ಎಲ್ಲರೂ ಕ್ಷೇಮ. ಅಪ್ಪಾಜಿ ಎಂದಿನಂತೆ ಪೂಜೆ ಮುಗಿಸಿ ಎಂಟಕ್ಕೆ ಅಂಗಡಿಗೆ ಹೋಗುತ್ತಾರೆ. ಅವ್ವನ ಮೊಣಕಾಲು ನೋವು ಚಳಿಗೆ ಜಾಸ್ತಿಯಾಗಿದೆ. ನಮ್ಮ ಕಪಿಲೆ ಆಕಳು ಕಳೆದ ಮಂಗಳವಾರ ಕರು ಹಾಕಿತು, ಹೆಣ್ಣುಗರು. ಕರು ದೊಡ್ಡದಾಗಿದ್ದರಿಂದ ಆಕಳಿಗೆ ಹಿಂದೆ ಸ್ವಲ್ಪ ಹರಿಯಿತು. ಅಪ್ಪಾಜಿ ಅಂಗಡಿ ಬಿಟ್ಟು ಬಂದು, ಹೊನ್ನಾಳಿಗೆ ಆಳು ಕಳಿಸಿ, ಮಧ್ಯಾಹ್ನದೊಳಗೆ ದನದ ಡಾಕ್ಟರನ್ನು ಕರೆಸಿ ಹೊಲಿಗೆ ಹಾಕಿಸಿದರು. ಗಂಡಸು ಡಾಕ್ಟರೇ. ಆಕಳು ಬೇಡ ಅನ್ನಲಿಲ್ಲ, ಅಪ್ಪಾಜಿಯೂ ಅನ್ನಲಿಲ್ಲ. ಈಗ ಚೆನ್ನಾಗಿ ಮೇಯುತ್ತಿದೆ.

ನೀನು ಹುಬ್ಬಳ್ಳಿ ಬಸ್ಸು ಹತ್ತಿದ ಮರುದಿನ ಮಹಡಿ ಕೋಣೆ ಗುಡಿಸಲು ಹೋಗಿದ್ದೆ. ಹಾಸಿಗೆ ಸುರುಳಿಯ ಹಿಂದೆ ನಿನ್ನ ಎರಡು ಪುಸ್ತಕ ಸಿಕ್ಕವು. ಒಂದು, ಮನುಷ್ಯನ ಮೈಯ ಚಿತ್ರಗಳಿರುವ ದಪ್ಪ ಇಂಗ್ಲಿಷ್ ಪುಸ್ತಕ. ಇನ್ನೊಂದು, ಕಂದು ಕಾಗದದ ಹೊದಿಕೆ ಹಾಕಿ ನಿನ್ನ ಹೆಸರು ಬರೆದ, ರೋಗಿಗಳ ಕೇಸು ಬರೆಯುವ ರೆಕಾರ್ಡು. ದಪ್ಪ ಪುಸ್ತಕ ನನಗೆ ಹೊಸದಲ್ಲ. ಮೂರು ವರ್ಷದ ಹಿಂದೆ ಬೇಸಿಗೆ ರಜೆಗೆ ಬಂದಾಗ ನೀನು ಅದನ್ನು ಹಿಡಿದು ಮಹಡಿಯ ಮೇಲೆ ಅತ್ತಿಂದಿತ್ತ ತಿರುಗುತ್ತಾ ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದೆ, ನಾನು ಅಲ್ಲೇ ಸಂಡಿಗೆ ಹಾಕುತ್ತಿದ್ದೆ. ಲೆವೇಟರ್ ಏನೈ, ಸ್ಫಿಂಕ್ಟರ್, ಪೆರಿನಿಯಲ್ ಬಾಡಿ. ಕೇಳಿ ಕೇಳಿ ನನಗೂ ಬಾಯಿಗೆ ಬಂದಿತ್ತು. ನೀನು ಒಂದು ಹೆಸರು ಬಿಟ್ಟರೆ ತಟ್ಟನೆ ಗೊತ್ತಾಗುತ್ತಿತ್ತು, ಹೇಳಿಕೊಡಲು ಮಾತ್ರ ಸಂಕೋಚ. ಅದೇನು ಗಂಟಲಿನ ಹೆಸರೋ ಕಿವಿಯ ಹೆಸರೋ ಎಂದುಕೊಂಡಿದ್ದೆ. ಈ ಸಲ ಪುಸ್ತಕ ಬಿಡಿಸಿ ನೋಡಿದ ಮೇಲೆ ತಿಳಿಯಿತು, ನೀನು ಆ ಬೇಸಿಗೆಯೆಲ್ಲಾ ನನ್ನ ಎದುರಿಗೇ ನನ್ನ ರೋಗವನ್ನು ಬಾಯಿಪಾಠ ಮಾಡುತ್ತಿದ್ದೆ ಎಂದು.

ಹೊನ್ನಾಳಿ ಹೈಸ್ಕೂಲಿನಲ್ಲಿ ಇಂಗ್ಲಿಷಿಗೆ ಮೊದಲು ಬಂದಾಗ ನನಗೊಂದು ಡಿಕ್ಷನರಿ ಕೊಟ್ಟಿದ್ದರಲ್ಲ, ಅದನ್ನು ಹುಡುಕಿ ಧೂಳು ಕೊಡವಿ ತಂದೆ. ಮೂರು ದಿನ ಕೂತು ಆ ಹೆಸರುಗಳಿದ್ದ ನಾಲ್ಕು ಪುಟ ಓದಿದೆ. ನಾನು ತಿಳಿದುಕೊಂಡದ್ದು ಸರಿಯೋ ತಪ್ಪೋ, ನೀನೇ ನಂಬರು ಹಾಕು. ಸೊಂಟದ ಎಲುಬು ಒಂದು ತಳವಿಲ್ಲದ ಬಟ್ಟಲು. ಆ ತಳಕ್ಕೆ ದೇವರು ಮಾಂಸದ್ದೊಂದು ಜೋಲಿ ಕಟ್ಟಿದ್ದಾನೆ, ಕೂಸನ್ನು ತೂಗಲು ಸೀರೆಯಲ್ಲಿ ಕಟ್ಟುತ್ತೇವಲ್ಲ, ಅಂಥದ್ದು. ಹೊಟ್ಟೆಯೊಳಗಿನ ಎಲ್ಲದರ ಭಾರವನ್ನೂ ಅದು ಹೊತ್ತಿದೆ. ಹೆಂಗಸರಲ್ಲಿ ಅದಕ್ಕೆ ಮೂರು ದಾರಿ. ಕೂಸು ಬರುವ ದಾರಿಗೂ ಅದರ ಹಿಂದಿನ ದಾರಿಗೂ ನಡುವೆ ಮಾಂಸದ ಒಂದು ಗಂಟಿದೆ, ಸುತ್ತಲಿನ ಸ್ನಾಯುಗಳೆಲ್ಲ ಬಂದು ಅಲ್ಲೇ ಸೇರುತ್ತವೆ. ಹಿಂದಿನ ದಾರಿಗೆ ಉಂಗುರದ ಹಾಗೆ ಒಂದು ಸ್ನಾಯು, ಬೇಕಾದಾಗ ಬಿಟ್ಟು ಬೇಡದಾಗ ಬಿಗಿಯುವುದು ಅದರ ಕೆಲಸ. ಆ ಗಂಟೂ ಉಂಗುರವೂ ಹರಿದರೆ ಆ ಹೆಂಗಸಿಗೆ ತನ್ನ ಮೈ ತನ್ನ ಮಾತು ಕೇಳುವುದಿಲ್ಲ. ಇದಕ್ಕೆ ಸುದ್ದಿ ಮುಟ್ಟಿಸುವ ನರದ ಹೆಸರಿನ ಪಕ್ಕ ನೀನೇ ಪೆನ್ಸಿಲಿನಲ್ಲಿ ಅರ್ಥ ಬರೆದಿದ್ದೀಯ, ಲ್ಯಾಟಿನ್ನಿನಲ್ಲಿ ನಾಚಬೇಕಾದದ್ದು ಎಂದು. ಯಾವ ಗಂಡಸು ಇಟ್ಟ ಹೆಸರೋ ಅದು. ಆ ನರ ಗಂಡಸಿಗೂ ಇದೆಯಂತೆ, ಆದರೆ ನಾಚಿಕೆ ಪೂರ್ತಿ ನಮ್ಮ ಪಾಲಿಗೇ ಬಂತು.

ನನ್ನ ನೀಲಾ ಹುಟ್ಟಿದಾಗ ನೀನು ಚಿತ್ರದುರ್ಗದ ಹಾಸ್ಟೆಲಿನಲ್ಲಿದ್ದೆ. ಎಪ್ಪತ್ತೊಂದರ ಶ್ರಾವಣ, ನನಗೆ ಹತ್ತೊಂಬತ್ತು. ಎರಡು ಹಗಲು ಎರಡು ರಾತ್ರಿ ನೋವು ತಿಂದೆ. ಸೂಲಗಿತ್ತಿ ಬಂಗಾರಮ್ಮ ನನ್ನನ್ನು ಬಿಟ್ಟು ಏಳಲಿಲ್ಲ. ಕೂಸು ಬಿದ್ದ ಮೇಲೆ ಅವಳು ದೀಪ ಹಿಡಿದು ನೋಡಿ ಅವ್ವನಿಗೆ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಹಾಗೇ ಇದೆ. "ಕಸ್ತೂರಮ್ಮಾರೆ, ಕೂಸು ಆಕಾಶ ನೋಡ್ಕಂಡು ಬಂದೈತೆ. ಎರಡು ದಾರಿ ಹರ್ದು ಒಂದಾಗೈತೆ. ಇದು ನನ್ನ ಕೈಲಿ ಆಗಾಕಿಲ್ಲ. ಇವತ್ತೇ ಹೊನ್ನಾಳಿಗೆ ಕರ್ಕಂಡೋಗಿ ಹೊಲಿಗೆ ಹಾಕ್ಸ್ರಿ." ಅಪ್ಪಾಜಿ ಬಾಗಿಲ ಆಚೆ ನಿಂತು, "ಅಲ್ಲಿರೋನು ಗಂಡಸು ಡಾಕ್ಟ್ರು. ನಮ್ಮ ಮನೆ ಹೆಣ್ಮಗಳನ್ನ ಅವನ ಮುಂದೆ ಹೆಂಗೆ ಮಲಗ್ಸಾಕಾಗ್ತೈತೆ?" ಎಂದರು. ಅಲ್ಲಿಗೆ ಆ ಮಾತು ಮುಗಿಯಿತು. ಅವ್ವ ಹಳೆಯ ಪಂಚೆ ಹರಿದು ನನ್ನ ಎರಡೂ ಮೊಣಕಾಲು ಸೇರಿಸಿ ಕಟ್ಟಿದಳು, ಹನ್ನೊಂದು ದಿನ ಕಾಲು ಅಗಲಿಸದಿದ್ದರೆ ಮಾಂಸ ತಾನೇ ಕೂಡುತ್ತದೆ ಎಂದು ಅವಳ ಅತ್ತೆ ಹೇಳಿದ್ದಳಂತೆ. ಕಟ್ಟು ಬಿಚ್ಚಿದ ದಿನ ಅವ್ವ ನೋಡಿ ಸೆರಗು ಬಾಯಿಗೆ ಹಿಡಿದು ಅತ್ತಳು. ಅವಳ ಮೇಲೆ ನನಗೆ ಸಿಟ್ಟಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ಆದರೆ ಅವಳಿಗೆ ಗೊತ್ತಿದ್ದದ್ದು ಅಷ್ಟೇ.

ಐದು ತಿಂಗಳ ಕೂಸು ಎತ್ತಿಕೊಂಡು ಜಗಳೂರಿಗೆ ಹೋದೆ. ನಿನ್ನ ಭಾವ ಮಲ್ಲಿಕಾರ್ಜುನಪ್ಪನವರು ಮೊದಲು ತಮ್ಮ ಹಾಸಿಗೆಯನ್ನು ಅಂಗಡಿಯ ಅಟ್ಟಕ್ಕೆ ಒಯ್ದರು. ಅತ್ತೆಗೆ ವಾಸನೆ ಬಂತು. ಅವರು ಮನೆಯಲ್ಲಿ ದಿನಾ ಹೇಳುವುದೇನು, ಲಿಂಗ ಕಟ್ಟಿದ ಮೈಗೆ ಸೂತಕವಿಲ್ಲ, ಮುಟ್ಟಿಲ್ಲ, ಹಡೆದದ್ದಕ್ಕೂ ಮೈಲಿಗೆಯಿಲ್ಲ. ಆದರೆ ನನಗೆ, "ಪೂಜೆ ಮನೆ ಕಡೆ ಬರಬ್ಯಾಡ, ಅಡುಗೆ ಮನೆ ಕಡೆನೂ ಬರಬ್ಯಾಡ" ಎಂದರು. ಇಲ್ಲದ ಸೂತಕವನ್ನು ನನಗಾಗಿ ಹೊಸದಾಗಿ ಹುಟ್ಟಿಸಿದರು. ಒಂದು ವರ್ಷ ತುಂಬುವ ಮೊದಲೇ ನಿನ್ನ ಭಾವ ನನ್ನನ್ನು ತವರಿಗೆ ಬಿಟ್ಟುಹೋದರು. ಎಪ್ಪತ್ನಾಲ್ಕರಲ್ಲಿ ಅವರು ಇನ್ನೊಂದು ಲಗ್ನವಾದರು, ಅದೇ ವರ್ಷ ಮೂರು ವರ್ಷದ ನೀಲಾಳನ್ನೂ ಕರೆದೊಯ್ದರು. ನ್ಯಾಮತಿ ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ಬಸ್ಸಿನೊಳಗೆ ಎತ್ತಿಕೊಟ್ಟವಳು ನಾನೇ. ಬಸ್ಸು ಹೊರಟಾಗ ಹಿಂದೆ ಓಡಬೇಕೆನಿಸಿತು, ಓಡಿದರೆ ಏನಾಗುತ್ತದೆ ಎಂದು ಗೊತ್ತಿದ್ದುದರಿಂದ ಹಾಗೇ ನಿಂತೆ.

ಈಗ ನಾನು ಹೇಗೆ ದೊಡ್ಡ ಶರಣೆಯಾದೆ ಎಂಬುದನ್ನೂ ಕೇಳು. ನೀನು ರಜೆಗೆ ಬಂದು ಹೋಗುವವನು, ಬೆಳೆದ ಮರ ನೋಡಿದ್ದೀಯ, ಬೀಜ ನೋಡಿಲ್ಲ. ಹೊಟ್ಟೆಗೆ ಹಾಕಿದರೆ ತಾನೆ ಹೊರಗೆ ಬರುವುದು. ಆದ್ದರಿಂದ ಜನರ ನಡುವೆ ಹೋಗಬೇಕಾದ ದಿನ ನಾನು ತಿನ್ನುವುದನ್ನೇ ಬಿಟ್ಟೆ. ಪಾಪಣ್ಣನವರ ಮನೆ ಗೃಹಪ್ರವೇಶದಲ್ಲಿ ಎಲೆಯ ಮುಂದೆ ಸುಮ್ಮನೆ ಕೂತಿದ್ದೆ. ಯಾರೋ ಯಾಕೆ ಎಂದು ಕೇಳಿದರು. ಅವ್ವ ಗಾಬರಿಯಲ್ಲಿ, "ಅವಳು ಸೋಮವಾರ ಉಪಾಸ ಹಿಡದಾಳೆ" ಎಂದುಬಿಟ್ಟಳು. ಮುಂದೊಂದು ಮದುವೆ ಗುರುವಾರ ಬಂತು, ಗುರುವಾರವೂ ಉಪವಾಸವಾಯಿತು. ಆಮೇಲೆ ಯಾವ ವಾರ ಯಾರು ಕರೆದರೂ ನನಗೊಂದು ವ್ರತ ಸಿದ್ಧವಾಗಿರುತ್ತಿತ್ತು. ದಿನಕ್ಕೆ ನಾಲ್ಕು ಸಲ ಸ್ನಾನ ಮಾಡುತ್ತೇನೆ, ಯಾಕೆಂದು ನಿನಗೆ ಹೇಳಬೇಕಿಲ್ಲ. ಊರು ಅದನ್ನು ಮಡಿ ಎಂದಿತು. ಪಂಕ್ತಿಯ ತುದಿಗೆ ಬೇರೆಯಾಗಿ ಕೂರುತ್ತೇನೆ. ಊರು ಅದನ್ನು ವೈರಾಗ್ಯ ಎಂದಿತು. ಗಂಡ ಬಿಟ್ಟದ್ದಲ್ಲ, ಇವಳೇ ಸಂಸಾರ ಬಿಟ್ಟಳು ಎಂದು ಕತೆ ಕಟ್ಟಿತು, ಅಪ್ಪಾಜಿ ಅದಕ್ಕೆ ತಲೆಯಾಡಿಸಿದರು. ಈಗ ಸೋಮವಾರ ಬಂದರೆ ಹೆಂಗಸರು ಕೂಸುಗಳನ್ನು ಎತ್ತಿಕೊಂಡು ನನ್ನ ಕೈಯಿಂದ ವಿಭೂತಿ ಹಚ್ಚಿಸಿಕೊಳ್ಳಲು ಬರುತ್ತಾರೆ. ಉಪಾಸದಮ್ಮ ಎಂದು ಹೆಸರಿಟ್ಟಿದ್ದಾರೆ. ಮಧ್ಯಾಹ್ನ ಎರಡಕ್ಕೆ ಒಂದು ಒಣರೊಟ್ಟಿ, ಬೇಯಿಸಿದ ಬಾಳೆಕಾಯಿ, ಹಾಲಿಲ್ಲ, ಸೊಪ್ಪಿಲ್ಲ. ಹತ್ತು ವರ್ಷದಿಂದ ನನಗೆ ಹಸಿವು, ಪಂಚಾಕ್ಷರ. ಹೋಳಿಗೆ ಬೇಯುವ ವಾಸನೆಗೆ ಹಿತ್ತಲಿಗೆ ಹೋಗಿ ಅತ್ತಿದ್ದೇನೆ.

ಕಳೆದ ಮೇ ತಿಂಗಳಲ್ಲಿ ನೀನು ಒಂದು ಮಧ್ಯಾಹ್ನ ಹಿತ್ತಲ ಕಟ್ಟೆಯ ಮೇಲೆ ನನ್ನನ್ನು ಕೂರಿಸಿಕೊಂಡು, "ಅಕ್ಕಾ, ನಂಗೆ ಎಲ್ಲಾ ಹೇಳು. ಮೊದ್ಲು ನೋವು ಯಾವಾಗ ಶುರುವಾತು? ಎಷ್ಟೊತ್ತು ಇತ್ತು?" ಎಂದು ಕೇಳಿದೆ. ಹತ್ತು ವರ್ಷದಲ್ಲಿ ಹಾಗೆ ಕೇಳಿದವನು ನೀನೊಬ್ಬನೇ. ಅಕ್ಕ ತಮ್ಮನ ಮುಂದೆ ಆಡಬಾರದ ಮಾತೆಲ್ಲ ಆಡಿದೆ, ಎಷ್ಟು ಬಟ್ಟೆ, ಎಷ್ಟು ಸಲ, ಕೆಮ್ಮಿದರೆ ಏನು, ನಕ್ಕರೆ ಏನು ಎಂದು. ನೀನು ತಲೆ ಬಗ್ಗಿಸಿ ಬರೆದುಕೊಂಡೆ. ನನ್ನ ತಮ್ಮ ಡಾಕ್ಟರಾಗುತ್ತಿದ್ದಾನೆ, ಏನೋ ದಾರಿ ಹುಡುಕುತ್ತಿದ್ದಾನೆ ಎಂದುಕೊಂಡೆ. ಜೂನ್‌ನಿಂದ ನಿನ್ನ ಪ್ರತಿ ಕಾಗದವನ್ನೂ ಅವ್ವನಿಗೆ ಓದಿಹೇಳುವ ಮೊದಲು ಒಬ್ಬಳೇ ಓದಿದೆ. ಊಟ ಸರಿಯಿಲ್ಲ, ಶರ್ಟು ಕಳಿಸಿ, ಪರೀಕ್ಷೆ ಮುಂದೆ ಹೋಗಿದೆ. ಇರಲಿ, ದೀಪಾವಳಿಗೆ ಬಂದಾಗ ಬಾಯಿಬಿಟ್ಟು ಹೇಳುತ್ತಾನೆ ಎಂದು ಕಾದೆ.

ದೀಪಾವಳಿಗೆ ನೀನೂ ಬಂದೆ, ನಾಲ್ಕು ವರ್ಷದ ಮೇಲೆ ನೀಲಾಳನ್ನೂ ಕಳಿಸಿದ್ದರು. ನರಕ ಚತುರ್ದಶಿ ಸೋಮವಾರವೇ ಬಂದಿತ್ತು. ಹೆಂಗಸರ ಸಾಲಿನಲ್ಲಿ ಅವಳೂ ಬಂದು ನಿಂತಿದ್ದಳು, ಹಸಿರು ಲಂಗ ಉಟ್ಟುಕೊಂಡು. ಸರದಿ ಬಂದಾಗ ನನ್ನ ಪಾದ ಮುಟ್ಟಿ, "ಉಪಾಸದಮ್ಮಾ, ನಂಗೆ ಲೆಕ್ಕ ಚೆನ್ನಾಗಿ ಬರೋ ಹಂಗೆ ಆಶೀರ್ವಾದ ಮಾಡ್ರಿ" ಎಂದಳು. ಹೆತ್ತ ತಾಯಿಗೆ ಮಾಡ್ರಿ ಎಂದಳು. ಸುತ್ತ ಹೆಂಗಸರಿದ್ದರು, ನಾನು ಹಣೆಗೆ ವಿಭೂತಿ ಹಚ್ಚಿ ಕಳಿಸಿದೆ. ಮಧ್ಯಾಹ್ನ ಅವಳು ತನ್ನ ತಟ್ಟೆಯಿಂದ ಹೋಳಿಗೆಯ ತುಂಡೊಂದನ್ನು ಮುರಿದು ನನ್ನ ಬಾಯಿಗೆ ಹಿಡಿಯಲು ಬಂದಳು. ಅವ್ವ, "ಅಮ್ಮಾರು ತಿನ್ನಾಕಿಲ್ಲ, ಪಾಪ ಬರ್ತೈತೆ" ಎಂದು ಅವಳ ಕೈ ಹಿಡಿದಳು. ನೀನು ಎದುರಿಗೇ ಕೂತು ಉಣ್ಣುತ್ತಿದ್ದೆ. ತಲೆ ಎತ್ತಿ ನೋಡಿದೆ, ಮತ್ತೆ ಉಂಡೆ.

ಇಷ್ಟಾದ ಮೇಲೆ ನಿನ್ನ ರೆಕಾರ್ಡು ನನ್ನ ಕೈಗೆ ಸಿಕ್ಕಿತು. ನಿನ್ನ ಅಕ್ಷರ ಎಷ್ಟು ಚೆಂದವಾಗಿದೆ. ಕೇಸು ನಂಬರ್ ಏಳು. ಎಸ್., ಇಪ್ಪತ್ತೊಂಬತ್ತು ವರ್ಷದ ಹೆಂಗಸು, ಶಿವಮೊಗ್ಗ ಜಿಲ್ಲೆ, ಗಂಡನಿಂದ ದೂರವಿದ್ದಾಳೆ. ಒಂದು ಹೆರಿಗೆ, ಮನೆಯಲ್ಲಿ, ತರಬೇತಿಯಿಲ್ಲದ ಸೂಲಗಿ­ತ್ತಿಯಿಂದ. ಆ ತರಬೇತಿಯಿಲ್ಲದವಳೊಬ್ಬಳೇ ಅವತ್ತು ಸರಿಯಾದ ಮಾತು ಹೇಳಿದವಳು, ಅದನ್ನೂ ನಾನು ನಿನಗೆ ಹೇಳಿದ್ದೆ, ನೀನು ಬರೆದುಕೊಂಡಿಲ್ಲ. ಮುಂದೆ ಪರೀಕ್ಷೆ ಮಾಡಿ ಕಂಡದ್ದು ಎಂದು ಎಂಟು ಸಾಲು. ಹರಿದ ಉಂಗುರದ ಎರಡು ತುದಿಗಳು ಒಳಗೆ ಸೇದಿಕೊಂಡ ಕಡೆ ಚರ್ಮದಲ್ಲಿ ಎರಡು ಗುಳಿ ಕಾಣುತ್ತವೆ ಎಂದು ಬರೆದಿದ್ದೀಯ. ನೀನು ಯಾವಾಗ ನೋಡಿದೆ? ಆ ಸಾಲುಗಳು ದಪ್ಪ ಪುಸ್ತಕದಲ್ಲಿ ಇದ್ದ ಹಾಗೇ ಇವೆ, ನೀನು ಅಡಿಗೆರೆ ಎಳೆದ ಗುರುತೂ ಇದೆ. ಕೊನೆಗೆ ಚಿಕಿತ್ಸೆ. ಎಷ್ಟು ಹಳೆಯದಾದರೂ ಹೊಲಿದು ಸರಿಪಡಿಸಬಹುದು ಎಂದು ಒಂದು ಸಾಲು. ಅದನ್ನು ಓದಿ ನಾನು ಡಿಕ್ಷನರಿ ಕೆಳಗಿಟ್ಟು ಗೋಡೆಗೆ ಒರಗಿ ಕೂತೆ. ಸರಿಪಡಿಸಬಹುದು ಎಂದು ನಿನಗೆ ಮೇ ತಿಂಗಳಿನಿಂದ ಗೊತ್ತಿತ್ತು. ಸಾವರಿಸಿಕೊಂಡು ಮುಂದಿನ ಸಾಲು ಓದಿದೆ. ರೋಗಿ ಧಾರ್ಮಿಕ ಸ್ವಭಾವದವಳು, ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಇಲ್ಲ. ಅದರ ಕೆಳಗೆ ನಿನ್ನ ಮೇಷ್ಟರು ಕೆಂಪು ಶಾಯಿಯಲ್ಲಿ ಗುಡ್ ಎಂದು ಬರೆದು ಸಹಿ ಹಾಕಿದ್ದಾರೆ. ಪಾಪ, ಅವರಿಗೇನು ಗೊತ್ತು.

ನನ್ನನ್ನು ಯಾರು ಕೇಳಿದರು? ನೀನು ಎಷ್ಟೊತ್ತು ನೋವಿತ್ತು ಎಂದು ಕೇಳಿದೆ, ಎಷ್ಟು ಬಟ್ಟೆ ಎಂದು ಕೇಳಿದೆ, ಹೊಲಿಸಿಕೊಳ್ಳುತ್ತೀಯಾ ಎಂಬ ಒಂದು ಮಾತು ಕೇಳಲಿಲ್ಲ. ದೀಪದ ಬುಡದಲ್ಲಿ ಕತ್ತಲು ಎನ್ನುತ್ತಾರೆ, ಕತ್ತಲನ್ನು ನೋಡಿ ಅಂಕ ತೆಗೆದುಕೊಂಡ ದೀಪವನ್ನು ನಾನು ಇಲ್ಲೇ ಕಂಡದ್ದು. ಆ ದಿನ ಸಂಜೆ ಅಪ್ಪಾಜಿ ಅಂಗಡಿಯಿಂದ ಬಂದ ಕೂಡಲೇ ನೇರವಾಗಿ ಕೇಳಿದೆ, ನನ್ನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗ್ರಿ ಎಂದು. ಅವರು ಅಂಗಿ ಬಿಚ್ಚುತ್ತಿದ್ದವರು ಹಾಗೇ ನಿಂತು ಬಾಗಿಲು ಮುಂದೆ ಮಾಡಿದರು. "ನಿನ್ನ ಪಾದ ಮುಟ್ಟಿ ಹೋಗೋ ಜನ ಏನಂತಾರೆ? ಚನ್ನಗಿರಿಯೋರು ಏನಂತಾರೆ? ಪಂಚಾಕ್ಷರನ ಲಗ್ನ ಒಂದು ಮುಗೀಲಿ. ಅವನೂ ಅದನ್ನೇ ಹೇಳ್ಯಾನೆ, ಈಗ ಬ್ಯಾಡ ಅಂತ." ಅವನೂ ಎಂದಾಗ ನಾನು ಎರಡು ಸಲ ಕೇಳಿದೆ. ಮೇ ತಿಂಗಳಲ್ಲೇ ನೀವಿಬ್ಬರೂ ಅಂಗಡಿಯಲ್ಲಿ ಕೂತು ಮಾತಾಡಿ ತೀರ್ಮಾನಿಸಿದ್ದಿರಂತೆ. ಚನ್ನಗಿರಿಯ ಮಹೇಶ್ವರಪ್ಪನವರ ಮನೆಯವರು ಹೆಣ್ಣು ಕೊಡಲು ಒಪ್ಪಿದ್ದು ನಿನ್ನ ಓದಿಗಿಂತ ಹೆಚ್ಚಾಗಿ ಇದು ಉಪಾಸದಮ್ಮ ಹುಟ್ಟಿದ ಮನೆ ಎಂಬ ಕಾರಣಕ್ಕಂತೆ. ಅವರ ಮನೆಯಾಕೆ ಶಾಂತಾದೇವಿಯವರು ಇಲ್ಲಿಗೆ ಬಂದಾಗ ನನ್ನ ಪಾದಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿದ್ದು ನಿಜ. ನಾನು ಅವತ್ತು ಬೆಳಿಗ್ಗೆಯಿಂದ ನೀರು ಕೂಡ ಕುಡಿದಿರಲಿಲ್ಲ.

ಮರುದಿನ ಬಂಗಾರಮ್ಮನ ಮನೆಗೆ ಹೋದೆ. ಈಗ ಅವಳಿಗೆ ಕಣ್ಣು ಮಂಜು. ಕೈ ಮುಟ್ಟಿ ಗುರುತು ಹಿಡಿದು, "ಅವತ್ತೇ ಬಡ್ಕಂಡೆನಲ್ಲವ್ವಾ ನಾನು" ಎಂದಳು, ಅಷ್ಟೇ. ಸೀರೆ ಬದಲಾಯಿಸಿ ನನ್ನ ಜೊತೆ ಹೊರಟಳು. ಹೊನ್ನಾಳಿಯಲ್ಲಿ ಅವಳಿಗೆ ಪರಿಚಯದ ನರ್ಸು ಶಂಕರಮ್ಮ ಒಂದು ಚೀಟಿ ಬರೆದುಕೊಟ್ಟರು. ಆ ಚೀಟಿ ಹಿಡಿದು ದಾವಣಗೆರೆಗೆ ಹೋದೆವು. ದಾರಿಯಲ್ಲಿ ಏನಾಯಿತು ಎಂದು ಬರೆಯುವುದಿಲ್ಲ, ಬಸ್ಸಿನಲ್ಲಿ ಜನ ಸರಿದು ಕೂತರು, ಬಂಗಾರಮ್ಮ ಮಾತ್ರ ಸರಿಯಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಲೇಡಿ ಡಾಕ್ಟರು ನಿಧಾನವಾಗಿ ನೋಡಿದರು. ಎರಡು ಗುಳಿ ಇರುವುದು ನಿಜವಂತೆ. ನೀನು ನೋಡದೆ ಬರೆದದ್ದು ಸರಿಯೇ ಇತ್ತು, ಸಂತೋಷಪಡು. ನನಗೆ ಸ್ನಾಯುಗಳ ಹೆಸರು ಗೊತ್ತಿರುವುದನ್ನು ಕಂಡು ಅವರಿಗೆ ಆಶ್ಚರ್ಯವಾಯಿತು, ಎಲ್ಲಿ ಓದಿದಿರಿ ಎಂದು ಕೇಳಿದರು. ಮನೆಯಲ್ಲೇ ಎಂದೆ. ಹತ್ತು ವರ್ಷದ ಹಳೆಯದು, ನೂರಕ್ಕೆ ನೂರು ಸರಿಯಾಗುತ್ತದೆ ಎಂದು ಮಾತು ಕೊಡಲಾರೆ, ಆದರೆ ಜನರ ನಡುವೆ ಕೂತು ಉಣ್ಣುವಷ್ಟು ಆಗುತ್ತದೆ ಎಂದರು. ನನಗೆ ಬೇಕಾದದ್ದು ಅಷ್ಟೇ. ಹದಿನಾರಕ್ಕೆ ಸೇರಿಕೊಳ್ಳಬೇಕು, ಹತ್ತೊಂಬತ್ತು ಗುರುವಾರ ಆಪರೇಷನ್.

ಇನ್ನೊಂದು ಕೆಲಸವನ್ನೂ ಮಾಡಿದ್ದೇನೆ, ನಿನಗೆ ಸಿಟ್ಟು ಬರುತ್ತದೆ, ಬರಲಿ. ದಾವಣಗೆರೆಯಿಂದ ಬಂದ ದಿನವೇ ಚನ್ನಗಿರಿಗೆ ಶಾಂತಾದೇವಿಯವರ ಹೆಸರಿಗೆ ಒಂದು ಕಾಗದ ಹಾಕಿದೆ. ನಾನು ಶರಣೆಯಲ್ಲ, ನನ್ನ ಉಪವಾಸ ಶಿವನಿಗಲ್ಲ, ಮೈಯಲ್ಲಿ ಇಂಥದ್ದೊಂದು ಹರಿದ ಗಾಯ ಇರುವುದಕ್ಕೆ, ನೀವು ಮುಟ್ಟಿದ ಪಾದ ಒಬ್ಬ ರೋಗಿಯದು, ಅದನ್ನು ನೋಡಿ ಹೆಣ್ಣು ಕೊಡಬೇಡಿರಿ, ಹುಡುಗನನ್ನು ನೋಡಿ ಇಷ್ಟವಾದರೆ ಕೊಡಿರಿ ಎಂದು ಏನನ್ನೂ ಉಳಿಸದೆ ಬರೆದಿದ್ದೇನೆ. ಅಪ್ಪಾಜಿಗೂ ಹೇಳಿದೆ. ಅವರು ನನ್ನ ಹತ್ತಿರ ಮಾತು ಬಿಟ್ಟು ನಾಲ್ಕು ದಿನವಾಯಿತು. ಅವ್ವ ಎರಡೂ ಕಡೆ ಅಳುತ್ತಿದ್ದಾಳೆ. ನಿನ್ನೆ ಸೋಮವಾರ ಹೆಂಗಸರು ಬಂದಾಗ ವಿಭೂತಿ ಮುಗಿದಿದೆ ಎಂದು ಕಳಿಸಿದೆ.

ಈಗ ಉಳಿದದ್ದು ಒಂದು. ಆಪರೇಷನ್ನಿನ ಕಾಗದಕ್ಕೆ ಸಂಬಂಧಿಕರ ಸಹಿ ಬೇಕಂತೆ, ಆಸ್ಪತ್ರೆಯ ರೂಢಿ. ಬಂಗಾರಮ್ಮ ಹೆಬ್ಬೆಟ್ಟು ಒತ್ತಲು ಸಿದ್ಧಳಿದ್ದಾಳೆ, ಆದರೆ ಅವಳು ಸಂಬಂಧಿಕಳಲ್ಲ ಎನ್ನುತ್ತಾರೆ. ಜಗಳೂರಿನವರನ್ನು ನಾನು ಕೇಳುವುದಿಲ್ಲ. ಅಪ್ಪಾಜಿ ಹಾಕುವುದಿಲ್ಲ. ನನ್ನ ಮೈ ಹೊಲಿಯಲು ನನ್ನ ಒಪ್ಪಿಗೆ ಸಾಲದು, ಒಪ್ಪಿಗೆ ಇಲ್ಲ ಎಂದು ಬರೆಯಲು ಮಾತ್ರ ಯಾರನ್ನೂ ಕೇಳಬೇಕಾಗಿರಲಿಲ್ಲ ನೋಡು. ಹದಿನೆಂಟು ಬುಧವಾರ ಸಂಜೆಯೊಳಗೆ ದಾವಣಗೆರೆಗೆ ಬಂದು ಒಂದು ಸಹಿ ಹಾಕು. ನನ್ನ ಹತ್ತಿರ ಕೂರಬೇಡ, ತಪ್ಪಾಯಿತು ಎನ್ನಬೇಡ, ಆ ಮಾತು ಕೇಳುವ ಶಕ್ತಿ ಈಗ ನನಗಿಲ್ಲ. ಚಿಕ್ಕಂದಿನಲ್ಲಿ ನಿನಗೆ ದಡಾರ ಎದ್ದಾಗ ಹದಿನಾಲ್ಕು ದಿನ ಬೇವಿನ ಸೊಪ್ಪು ಬೀಸುತ್ತಾ ಕೂತವಳು ನಾನು. ಅದನ್ನು ತೀರಿಸು ಎನ್ನುತ್ತಿಲ್ಲ. ಒಂದು ಸಹಿ ಕೇಳುತ್ತಿದ್ದೇನೆ, ಅದನ್ನು ಕೇಳಲೂ ನನಗೆ ಕಹಿಯಾಗುತ್ತಿದೆ.

ಅವ್ವನ ಆಶೀರ್ವಾದವನ್ನು ಅವಳಿಗೆ ತಿಳಿಸದೆ ನಾನೇ ಸೇರಿಸಿ ಬರೆಯುತ್ತಿದ್ದೇನೆ, ಈ ಕಾಗದ ಕಂಡರೆ ಅವಳು ಹರಿದು ಒಲೆಗೆ ಹಾಕುತ್ತಾಳೆ. ಚಳಿಯಲ್ಲಿ ತಣ್ಣೀರು ಮೈಗೆ ಹಾಕಿಕೊಳ್ಳಬೇಡ. ಪರೀಕ್ಷೆ ಚೆನ್ನಾಗಿ ಮಾಡು. ಶಿವ ನಿನ್ನನ್ನು ಒಳ್ಳೆಯ ಡಾಕ್ಟರನ್ನಾಗಿ ಮಾಡಲಿ, ಕೇಳಿಸಿಕೊಳ್ಳುವ ಡಾಕ್ಟರನ್ನಾಗಿ.

ಇತಿ ನಿನ್ನ ಅಕ್ಕ
ಸಿದ್ದಲಿಂಗಮ್ಮ

ತಾ.ಕ.: ದಾವಣಗೆರೆ, ೧೭, ಮಂಗಳವಾರ. ಪೆನ್ನಿನಲ್ಲಿ ಶಾಯಿ ಇಲ್ಲ, ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಈ ಕಾಗದ ಒಂದು ವಾರ ನನ್ನ ಚೀಲದಲ್ಲೇ ಇತ್ತು, ನಿನ್ನನ್ನು ಬೇಡಲು ಮನಸ್ಸು ಬರಲಿಲ್ಲ. ಈಗ ಸಹಿಗೆ ನೀನು ಬರಬೇಕಾಗಿಲ್ಲ. ಶನಿವಾರ ಶಾಂತಾದೇವಿಯವರು ಚನ್ನಗಿರಿಯಿಂದ ನ್ಯಾಮತಿಗೆ ಬಂದರು. ಸಂಬಂಧ ಮುರಿಯಲು ಬಂದರೆಂದು ಅಪ್ಪಾಜಿ ಬಾಗಿಲಲ್ಲೇ ಕೈಮುಗಿದು ನಿಂತರು. ಅವರು ಅಪ್ಪಾಜಿಯನ್ನು ದಾಟಿಕೊಂಡು ಒಳಗೆ ಬಂದು ಕದ ಹಾಕಿ ನನ್ನ ಪಕ್ಕ ಕೂತರು. "ನಂಗೆ ಗರ್ಭಕೋಶ ಕೆಳಕ್ಕೆ ಜಾರೈತೆ ಕಣವ್ವ, ಈ ಮಗಳು ಹುಟ್ಟಿದಾಗಿಂದ, ಇಪ್ಪತ್ತು ವರ್ಷ ಆತು. ಅವತ್ತು ನಿನ್ನ ಕಾಲಿಗೆ ಬಿದ್ದಿದ್ದು ಅದು ವಾಸಿಯಾಗ್ಲಿ ಅಂತ" ಎಂದರು. ಈಗ ನನ್ನ ಪಕ್ಕದ ಹಾಸಿಗೆ ಅವರದು. ನನ್ನ ಕಾಗದಕ್ಕೆ ಅವರು ಸಹಿ ಹಾಕಿದರು, ಸಂಬಂಧ ಎಂಬ ಕಡೆ ಬೀಗಿತ್ತಿ ಎಂದು ಬರೆದರು. ಅವರ ಕಾಗದಕ್ಕೆ ಅವರ ಯಜಮಾನರು ಬರುವುದಿಲ್ಲ ಎಂದರಂತೆ, ನಾನು ಹಾಕಿದೆ. ಬೀಗಿತ್ತಿ ಎಂದು ಬರೆದ ಮಾತ್ರಕ್ಕೆ ಲಗ್ನ ಗಟ್ಟಿಯಾಯಿತು ಎಂದು ತಿಳಿಯಬೇಡ. ಅದನ್ನು ಅವರು ಮಗಳಿಗೆ ಬಿಟ್ಟಿದ್ದಾರೆ. ಹುಡುಗಿ ಇಲ್ಲೇ ಬಿ.ಎಸ್ಸಿ. ಓದುತ್ತಿದ್ದಾಳಲ್ಲ, ಕಾಲೇಜು ಮುಗಿಸಿ ನಿನ್ನೆಯೂ ಇವತ್ತೂ ಬಂದು ನಮ್ಮಿಬ್ಬರಿಗೂ ಗಂಜಿ ಕುಡಿಸಿದಳು. ನಿನ್ನೆ ನಿನ್ನ ರೆಕಾರ್ಡನ್ನು ಅವಳ ಕೈಗೆ ಕೊಟ್ಟೆ. ಅವಳಿಗೆ ಡಿಕ್ಷನರಿ ಬೇಕಾಗಲಿಲ್ಲ. ಏಳನೆಯ ಕೇಸನ್ನು ಎರಡು ಸಲ ಓದಿ, ನನ್ನ ಮುಖ ನೋಡಿ, ಪುಸ್ತಕ ಮುಚ್ಚಿ ತನ್ನ ಚೀಲಕ್ಕೆ ಹಾಕಿಕೊಂಡಳು. "ಇದು ಬೇಕಾದ್ರೆ ಅವರೇ ಬಂದು ನನ್ನ ಹತ್ರ ಇಸ್ಕೊಳ್ಳಲಿ" ಎಂದಳು. ಇಲ್ಲಿ ರೋಗಿಗಳನ್ನು ನೋಡಲು ಬರುವವರನ್ನು ಸಂಜೆ ನಾಲ್ಕರಿಂದ ಆರರವರೆಗೆ ಒಳಗೆ ಬಿಡುತ್ತಾರೆ.